ಐದು ವರ್ಷದ ಹೇಂಟೆಗೆ ಹೊಟ್ಟೆ ಊದಿದೆ, ಏನು ಮಾಡಲಿ?

ತೋಟದಮನೆ, ಸಾಗರ
ಸೋಮವಾರ, ಬೆಳಿಗ್ಗೆ 6:40

ಎಲ್ಲರಿಗೂ ನಮಸ್ಕಾರ. ನಮ್ಮ ಕೆಂಚಿಗೆ ಹುಷಾರಿಲ್ಲ. ಗಿರಿರಾಜ ತಳಿಯ ಹೇಂಟೆ. 2020ರ ಲಾಕ್‌ಡೌನ್ ಹೊತ್ತಲ್ಲಿ ಹತ್ತು ಮರಿ ತಂದಿದ್ದೆವು, ಅದರಲ್ಲಿ ಉಳಿದಿರುವುದು ಇವಳೊಬ್ಬಳೇ. ಉಳಿದವು ಮುಂಗುಸಿಗೆ, ನಾಯಿಗೆ, ಒಂದು ಮಳೆಗಾಲದ ಕೊಕ್ಕರೆ ರೋಗಕ್ಕೆ ಹೋದವು. ಈಗ ಹಿತ್ತಲಲ್ಲಿ ಇವಳ ಜೊತೆ ಆರು ನಾಟಿ ಕೋಳಿ ಇವೆ.

ದೀಪಾವಳಿ ಆದಮೇಲೆ ಮೊಟ್ಟೆ ಇಡುವುದು ನಿಲ್ಲಿಸಿದ್ದಳು. ವಯಸ್ಸಾಯಿತು, ಇರಲಿ ಬಿಡು ಅಂದುಕೊಂಡೆವು. ಆದರೆ ಈ ಹದಿನೈದು ದಿನದಿಂದ ಹೊಟ್ಟೆ ಕೆಳಗೆ ಜೋತುಬಿದ್ದಿದೆ. ಮುಟ್ಟಿದರೆ ಹಾಲಿನ ಪ್ಯಾಕೆಟ್ ಮುಟ್ಟಿದ ಹಾಗೆ ಥಳಕ್ ಅನ್ನುತ್ತದೆ. ಕಾಲು ಅಗಲಿಸಿ, ನೆಟ್ಟಗೆ ನಿಂತು, ಬಸುರಿ ಹೆಂಗಸಿನ ಹಾಗೆ ನಡೆಯುತ್ತಾಳೆ. ಜುಟ್ಟು ಬಿಳಿಚಿಕೊಂಡಿದೆ. ನಿನ್ನೆ ನುಚ್ಚು ಹಾಕಿದರೆ ಮುಂದೆ ನಿಂತು ನೋಡಿದಳೇ ಹೊರತು ಕುಕ್ಕಲಿಲ್ಲ. ಹಿಕ್ಕೆ ನೀರು ನೀರು, ಹಸಿರು ಬಣ್ಣ.

ನಮ್ಮ ಅತ್ತೆ ರಾತ್ರಿಯೆಲ್ಲ ಮಲಗಿಲ್ಲ. ಮರಿಯಾಗಿದ್ದಾಗ ಇವಳನ್ನು ಸೆರಗಲ್ಲಿ ಕಟ್ಟಿಕೊಂಡು ಅಡುಗೆ ಮಾಡುತ್ತಿದ್ದವರು ಅವರು. ಯಾರಿಗಾದರೂ ಗೊತ್ತಿದ್ದರೆ ಬೇಗ ಹೇಳಿ. ಮಳೆ ಬೇರೆ ಬಿಡುತ್ತಿಲ್ಲ.

ಹಿತ್ತಲಕೋಳಿ, ಉಡುಪಿ ಕಡೆ
ಸೋಮವಾರ, ಬೆಳಿಗ್ಗೆ 7:15

ತಂಗೀ, ಮೊದಲು ಒಳಗೆ ತನ್ನಿ. ಬೇರೆ ಯಾವ ಮದ್ದಿಗಿಂತ ಮೊದಲು ಬೆಚ್ಚಗೆ ಇಡಬೇಕು. ಕೋಳಿಯ ಮೈ ಬಿಸಿ ನಮಗಿಂತ ಜಾಸ್ತಿ, 41 ಡಿಗ್ರಿ ಆಸುಪಾಸು. ತಿನ್ನದೆ ಕೂತ ಕೋಳಿ ಆ ಬಿಸಿ ಉಳಿಸಿಕೊಳ್ಳುವುದರಲ್ಲೇ ಸೋತುಹೋಗುತ್ತದೆ. ದೊಡ್ಡ ರಟ್ಟಿನ ಪೆಟ್ಟಿಗೆಗೋ ಬುಟ್ಟಿಗೋ ಒಣಹುಲ್ಲು ಹಾಕಿ, ಮೇಲೆ ಹಳೆ ಪಂಚೆ ಹಾಸಿ. ಒಂದು ಮೂಲೆಗೆ ಮಾತ್ರ 60 ವ್ಯಾಟಿನ ಬಲ್ಬು ಬಿಡಿ, ಸೆಕೆ ಆದರೆ ಅದೇ ಆಚೆ ಸರಿಯಲಿ. ಎಲ್‌ಇಡಿ ಹಾಕಬೇಡಿ, ಅದರಲ್ಲಿ ಬೆಳಕು ಬರುತ್ತದೆ, ಬಿಸಿ ಬರುವುದಿಲ್ಲ. ಹಳೇ ಬುರುಡೆ ಬಲ್ಬೇ ಬೇಕು. ಕರೆಂಟು ಹೋದರೆ ಬಾಟಲಿಗೆ ಬಿಸಿನೀರು ತುಂಬಿ ಟವೆಲ್ ಸುತ್ತಿ ಪಕ್ಕದಲ್ಲಿಡಿ.

ಇನ್ನೊಂದು ಮಾತು, ಬಾಲದ ಕೆಳಗೆ ಪುಕ್ಕ ಬಿಡಿಸಿ ನೋಡಿ. ಹೊಟ್ಟೆ ಜೋತುಬಿದ್ದ ಕೋಳಿಯ ಹಿಂಭಾಗ ಯಾವಾಗಲೂ ಒದ್ದೆ. ಈ ಮಳೆಯಲ್ಲಿ ನೊಣ ಬಂದು ಮೊಟ್ಟೆ ಇಟ್ಟರೆ ಒಂದು ದಿನದೊಳಗೆ ಹುಳ ಆಗುತ್ತದೆ. ನಮ್ಮ ಮನೆಯ ಒಂದು ಕೋಳಿ ಕಾಯಿಲೆಯಿಂದ ಸಾಯಲಿಲ್ಲ, ಆ ಹುಳದಿಂದ ಸತ್ತಿತು. ಹೊರಗಿನಿಂದ ಏನೂ ಕಾಣಿಸಿರಲಿಲ್ಲ. ಪುಕ್ಕ ಸರಿಸಿದರೆ ಒಳಗೆ ಅಂಗೈ ಅಗಲ ಕುದಿಯುತ್ತಿತ್ತು. ಅದನ್ನು ನೋಡಿದಮೇಲೆ ನಾನು ದಿನಕ್ಕೆರಡು ಸಲ ನೋಡದೆ ಬಿಡುವುದಿಲ್ಲ.

ತೋಟದಮನೆ
ಸೋಮವಾರ, ಬೆಳಿಗ್ಗೆ 8:05

ನೋಡಿದೆ ಅಕ್ಕ. ಹುಳ ಇಲ್ಲ, ಆದರೆ ಹಿಕ್ಕೆ ಮೆತ್ತಿಕೊಂಡು ಚರ್ಮ ಕೆಂಪಗಾಗಿದೆ. ಉಗುರು ಬೆಚ್ಚಗಿನ ನೀರಲ್ಲಿ ತೊಳೆದು, ಆ ಜಾಗದ ಪುಕ್ಕವನ್ನು ಕತ್ತರಿಯಲ್ಲಿ ಕತ್ತರಿಸಿ, ಒರೆಸಿ, ಬಚ್ಚಲ ಒಲೆಯ ಹತ್ತಿರ ಕೂರಿಸಿದ್ದೇವೆ. ಕಣ್ಣು ಮುಚ್ಚಿಕೊಂಡು ಕೂತಿದ್ದಾಳೆ. ಅತ್ತೆ ಬೆಲ್ಲದ ನೀರು ಕುಡಿಸುತ್ತೇನೆ ಅನ್ನುತ್ತಿದ್ದಾರೆ, ಕುಡಿಸಬಹುದಾ?

ಪಶುವೈದ್ಯೆ, ಹಾವೇರಿ
ಸೋಮವಾರ, ಬೆಳಿಗ್ಗೆ 9:20

ಕೊಡಬಹುದು, ಆದರೆ ಕೊಕ್ಕು ಅಗಲಿಸಿ ಗಂಟಲಿಗೆ ಸುರಿಯಬೇಡಿ. ನಾಲಿಗೆಯ ಬುಡದಲ್ಲೇ ಉಸಿರು ನಾಳದ ಬಾಯಿ ಇರುತ್ತದೆ. ನೀರು ಅದರೊಳಗೆ ಹೋದರೆ ನಿಮ್ಮ ಕೈಯಲ್ಲೇ ಪ್ರಾಣ ಹೋಗುತ್ತದೆ. ಸೂಜಿ ತೆಗೆದ ಸಿರಿಂಜಿನಿಂದ ಕೊಕ್ಕಿನ ಪಕ್ಕದ ಅಂಚಿಗೆ ಒಂದೊಂದೇ ಹನಿ ಬಿಡಿ. ಅದು ತಾನೇ ಚಪ್ಪರಿಸಿ ನುಂಗುತ್ತದೆ. ನುಂಗಿದಮೇಲೆ ಇನ್ನೊಂದು ಹನಿ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮನುಷ್ಯರಿಗೆ ಭೇದಿಯಾದಾಗ ಕೊಡುವ ಅದೇ ನೀರು. ಒಂದೆರಡು ದಿನಕ್ಕೆ ಸಾಕು, ಆಮೇಲೆ ಬರೀ ನೀರು.

ಹಸಿರು ಹಿಕ್ಕೆ ಅಂದರೆ ಹೆಚ್ಚಾಗಿ ಹೊಟ್ಟೆಗೆ ಏನೂ ಹೋಗಿಲ್ಲ, ಬರೀ ಪಿತ್ತ ಹೊರಗೆ ಬರುತ್ತಿದೆ ಅಂತ ಅರ್ಥ.

ಈಗ ಹೊಟ್ಟೆಯ ವಿಷಯ. ನೀವು ಹೇಳಿದ್ದು ನೋಡಿದರೆ ಮೂರು ಅನುಮಾನ ಬರುತ್ತದೆ. ಒಂದು, ಮೊಟ್ಟೆ ಒಳಗೆ ಸಿಕ್ಕಿಹಾಕಿಕೊಂಡಿರುವುದು. ಆದರೆ ಅದು ಒಂದೆರಡು ದಿನದ ಕಥೆ. ಹದಿನೈದು ದಿನ ಹಾಗೆ ಇದ್ದು ಬದುಕುವುದು ಕಷ್ಟ, ಮತ್ತೆ ಮುಟ್ಟಿದರೆ ಗಟ್ಟಿಯಾಗಿ ಸಿಗುತ್ತದೆ. ಎರಡನೆಯದು, ಮೊಟ್ಟೆಯ ಹಳದಿ ಭಾಗ, ಮೊಟ್ಟೆ ಹೊರಬರುವ ನಾಳಕ್ಕೆ ಹೋಗುವ ಬದಲು ಹೊಟ್ಟೆಯೊಳಗೆ ಬಿದ್ದು ಅಲ್ಲಿ ಕೀವು, ನೀರು ಆಗುವುದು. ಮೂರನೆಯದು, ಅಂಡಾಶಯದಲ್ಲಿ ಗಡ್ಡೆ. ವಯಸ್ಸಾದ ಹೇಂಟೆಗಳಲ್ಲಿ ಇದು ಬಹಳ ಕಾಣಿಸುತ್ತದೆ. ಮನುಷ್ಯರ ಅಂಡಾಶಯದ ಕ್ಯಾನ್ಸರ್ ಅರ್ಥ ಮಾಡಿಕೊಳ್ಳಲು ವಿಜ್ಞಾನಿಗಳು ಕೋಳಿಯನ್ನೇ ನೋಡುತ್ತಾರೆ, ಯಾಕೆಂದರೆ ಅದಕ್ಕೂ ನಮ್ಮ ಹಾಗೆಯೇ ತಾನಾಗಿ ಬರುತ್ತದೆ. ಲಿವರ್, ಹೃದಯ ಕೆಟ್ಟರೂ ಹೊಟ್ಟೆಯಲ್ಲಿ ನೀರು ತುಂಬಬಹುದು.

ಯಾವುದು ಅಂತ ಮುಟ್ಟಿ ನೋಡದೆ ಹೇಳಲಾರೆ. ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ. ಹೋಗಲು ಆಗದಿದ್ದರೆ ಪಶು ಸಹಾಯವಾಣಿ 1962ಕ್ಕೆ ಫೋನ್ ಮಾಡಿ ಕೇಳಿ. ಮನೆಯಲ್ಲಿರುವ ಪ್ಯಾರಸಿಟಮಾಲ್, ಮಿಕ್ಕಿ ಉಳಿದ ಆ್ಯಂಟಿಬಯೋಟಿಕ್ ಏನನ್ನೂ ಕೊಡಬೇಡಿ.

ಒಂದು ಪ್ರಶ್ನೆ: ಉಳಿದ ಆರು ಕೋಳಿ ಹೇಗಿವೆ?

ತೋಟದಮನೆ
ಸೋಮವಾರ, ಬೆಳಿಗ್ಗೆ 9:50

ಅವೆಲ್ಲ ಚೆನ್ನಾಗಿವೆ ಮೇಡಂ. ಕೆದರಿಕೊಂಡು ಓಡಾಡಿಕೊಂಡಿವೆ.

ಪಶುವೈದ್ಯೆ, ಹಾವೇರಿ
ಸೋಮವಾರ, ಬೆಳಿಗ್ಗೆ 10:02

ಹಾಗಿದ್ದರೆ ಅಂಟುರೋಗದ ಭಯ ಕಡಿಮೆ. ಒಟ್ಟಿಗೆ ಎರಡು ಮೂರು ಕೋಳಿ ದಿಢೀರ್ ಸತ್ತರೆ, ತಲೆ ಊದಿಕೊಂಡರೆ, ಜುಟ್ಟು ನೀಲಿಗಟ್ಟಿದರೆ ಮುಟ್ಟಬೇಡಿ, ಪಶುಪಾಲನಾ ಇಲಾಖೆಗೆ ತಿಳಿಸಿ. 2025ರ ಶುರುವಿನಲ್ಲಿ ಚಿಕ್ಕಬಳ್ಳಾಪುರ, ಬಳ್ಳಾರಿ ಕಡೆ ಹಕ್ಕಿಜ್ವರ ಬಂದಿದ್ದು ಎಲ್ಲರಿಗೂ ನೆನಪಿದೆ ಅಲ್ವಾ. ಈಗಲೂ ಕೆಂಚಿಯನ್ನು ಮುಟ್ಟಿದಮೇಲೆ ಸೋಪು ಹಾಕಿ ಕೈ ತೊಳೆಯಿರಿ.

ಬಯಲುಸೀಮೆ, ಚಿತ್ರದುರ್ಗ
ಸೋಮವಾರ, ಮಧ್ಯಾಹ್ನ 1:30

ನಾನು ಹೇಳುವುದು ಬೇಜಾರಾದರೆ ಕ್ಷಮಿಸಿ. ನಮ್ಮ ಕಡೆ ಹೇಂಟೆಗೆ ವಯಸ್ಸಾಗಿ ಸೊರಗುವ ಮೊದಲೇ ಕೊಯ್ದುಬಿಡುತ್ತಾರೆ. ಅದು ಕ್ರೂರತನ ಅಂತ ನನಗೆ ಯಾವತ್ತೂ ಅನ್ನಿಸಿಲ್ಲ. ಹದಿನೈದು ದಿನ ನರಳುವುದಕ್ಕಿಂತ ಒಂದು ಕ್ಷಣದಲ್ಲಿ ಮುಗಿಯುವುದು ಒಳ್ಳೆಯದು ಅಂತ ನಮ್ಮ ಅಪ್ಪ ಹೇಳುತ್ತಿದ್ದರು. ನಿಮ್ಮ ಅತ್ತೆಯವರಿಗೆ ಆ ಕೋಳಿ ಮೇಲೆ ಎಷ್ಟು ಜೀವ ಅಂತ ಓದಿದರೇ ಗೊತ್ತಾಗುತ್ತದೆ. ಅದಕ್ಕೇ ಹೇಳುತ್ತಿದ್ದೇನೆ, ನಮ್ಮ ಆಸೆಗೋಸ್ಕರ ಅದನ್ನು ಉಳಿಸಿಕೊಂಡು ನೋವು ಜಾಸ್ತಿ ಮಾಡುವುದು ಬೇಡ.

ತೋಟದಮನೆ
ಸೋಮವಾರ, ಸಂಜೆ 6:10

ಅಣ್ಣ, ಬೇಜಾರೇನಿಲ್ಲ. ನಮ್ಮ ಮನೆಯಲ್ಲೂ ಕೋಳಿ ಕೊಯ್ಯುತ್ತೇವೆ, ಹಬ್ಬಕ್ಕೆ ನೆಂಟರಿಗೆ ಎಲ್ಲ. ಆದರೆ ಇವಳನ್ನು ಕೊಯ್ಯುವುದಿಲ್ಲ ಅಂತ ಅತ್ತೆ ಎರಡು ವರ್ಷದ ಹಿಂದೆಯೇ ಹೇಳಿಬಿಟ್ಟಿದ್ದಾರೆ. ಇವಳು ಮೂರು ಸಲ ಬೇರೆ ಕೋಳಿಯ ಮೊಟ್ಟೆಗೆ ಕಾವು ಕೂತು ಮರಿ ಮಾಡಿಕೊಟ್ಟಿದ್ದಾಳೆ. ಒಂದು ಸಲ ಹದ್ದು ಎರಗಿದಾಗ ಮರಿಗಳನ್ನು ರೆಕ್ಕೆಯಡಿ ಹಾಕಿಕೊಂಡು ಬೆನ್ನು ಕೊಟ್ಟಿದ್ದಳು. ಆ ಗಾಯದ ಕಲೆಯಲ್ಲಿ ಇವತ್ತಿಗೂ ಪುಕ್ಕ ಬಂದಿಲ್ಲ. ನರಳಿಸುವುದು ಮಾತ್ರ ನಮಗೂ ಬೇಡ.

ಇವತ್ತು ಒಂದು ಕಡೆ ಹೋಗಿದ್ದೆವು. ಬುಟ್ಟಿ ಕೆಳಗಿಡುವ ಮೊದಲೇ "ಇದಕ್ಕೆಲ್ಲ ಯಾರಮ್ಮ ಔಷಧಿ ಕೊಡುತ್ತಾರೆ, ನಾನೂರು ಕೊಟ್ಟರೆ ಹೊಸ ಕೋಳಿ ಬರುತ್ತದೆ" ಅಂದರು. ಹಸು ಬಂದಿದ್ದವು, ಅವರಿಗೂ ಕೆಲಸ ಇತ್ತು, ಒಪ್ಪುತ್ತೇನೆ. ಆದರೆ ಒಂದು ಸಲ ಮುಟ್ಟಿ ನೋಡಬಹುದಿತ್ತು. ಅತ್ತೆ ಬಸ್ಸಿನಲ್ಲಿ ಬುಟ್ಟಿ ಮಡಿಲಲ್ಲಿಟ್ಟುಕೊಂಡು ವಾಪಸ್ ಬರುವಾಗ ಒಂದು ಮಾತೂ ಆಡಲಿಲ್ಲ.

ನಾಳೆ ಬೇರೆಯವರ ಹತ್ತಿರ ಹೋಗುತ್ತೇವೆ. ಸಿರಿಂಜಿನಲ್ಲಿ ನೀರು ಕುಡಿದಳು, ಹನಿ ಹನಿಯಾಗಿ ಒಂದು ಲೋಟದ ಕಾಲು ಭಾಗ ಆಗಿರಬಹುದು.

ಪಶುವೈದ್ಯೆ, ಹಾವೇರಿ
ಸೋಮವಾರ, ರಾತ್ರಿ 8:45

ಮನಸ್ಸಿಗೆ ಹಚ್ಚಿಕೊಳ್ಳಬೇಡಿ. ಇನ್ನೊಬ್ಬರು ನೋಡುತ್ತಾರೆ. ಶಿವಮೊಗ್ಗದಲ್ಲಿ ಪಶುವೈದ್ಯಕೀಯ ಕಾಲೇಜು ಇದೆ, ಅದೂ ನೆನಪಿರಲಿ. ಹೋಗುವ ಮೊದಲು ತೂಕ ಮಾಡಿ ಬರೆದಿಟ್ಟುಕೊಳ್ಳಿ. ಎದೆಮೂಳೆಯನ್ನು ಸವರಿ ನೋಡಿ. ಎರಡೂ ಪಕ್ಕ ಮಾಂಸ ತುಂಬಿರಬೇಕು. ಚೂರಿಯ ಅಂಚಿನ ಹಾಗೆ ಕೈಗೆ ಸಿಕ್ಕರೆ ಬಹಳ ದಿನದಿಂದ ಒಳಗೊಳಗೇ ಸೊರಗಿದೆ ಅಂತ ಅರ್ಥ. ಕೋಳಿ ತನ್ನ ಕಾಯಿಲೆ ಮುಚ್ಚಿಡುತ್ತದೆ. ಸೋತಿದ್ದು ತೋರಿಸಿದರೆ ಉಳಿದವು ಕುಕ್ಕುತ್ತವೆ. ಹಾಗಾಗಿ ನಮಗೆ ಕಾಣುವ ಹೊತ್ತಿಗೆ ಕಾಯಿಲೆ ಹಳತಾಗಿರುತ್ತದೆ. ನೀವು ತಡ ಮಾಡಿದಿರಿ ಅಂತ ಅಂದುಕೊಳ್ಳಬೇಡಿ.

ಬಯಲುಸೀಮೆಯವರಿಗೆ: ಒಮ್ಮೆ ಔಷಧಿ ಶುರುವಾದಮೇಲೆ ಆ ಕೋಳಿಯನ್ನು ಕೊಯ್ದು ತಿನ್ನಬಾರದು. ಕಾಯಿಲೆ ಬಿದ್ದು ಕೂತ ಕೋಳಿಯನ್ನಂತೂ ಬೇಡವೇ ಬೇಡ. ನಿಮ್ಮ ಅಪ್ಪ ಹೇಳಿದ ಮಾತಿನಲ್ಲಿ ನಿಜ ಇದೆ, ಆದರೆ ಈಗ ಅದಕ್ಕೆ ಡಾಕ್ಟರ ಇಂಜೆಕ್ಷನ್ನೇ ದಾರಿ.

ಬಯಲುಸೀಮೆ, ಚಿತ್ರದುರ್ಗ
ಸೋಮವಾರ, ರಾತ್ರಿ 9:10

ಸರಿ ಮೇಡಂ, ಅದು ನನ್ನ ತಲೆಗೆ ಹೊಳೆದಿರಲಿಲ್ಲ.

ತೋಟದಮನೆ
ಮಂಗಳವಾರ, ಮಧ್ಯಾಹ್ನ 3:25

ಒಳ್ಳೆಯ ಸುದ್ದಿ. ಇವತ್ತು ಸಿಕ್ಕ ಡಾಕ್ಟರು ಚಿಕ್ಕ ವಯಸ್ಸಿನವರು. ಅತ್ತೆಯನ್ನೇ ಕೆಂಚಿಯನ್ನು ಹಿಡಿದುಕೊಳ್ಳಲು ಹೇಳಿದರು. ಹೊಟ್ಟೆಯ ಒಂದು ಪಕ್ಕದಲ್ಲಿ ಪುಕ್ಕ ಕಿತ್ತು, ಸ್ಪಿರಿಟ್ ಒರೆಸಿ, ಸೂಜಿ ಹಾಕಿದರು. ಒಣಹುಲ್ಲಿನ ಬಣ್ಣದ ನೀರು ಬಂತು. ಸಿರಿಂಜು ತುಂಬಿದ ಹಾಗೆಲ್ಲ ಬಿಚ್ಚಿ ಸ್ಟೀಲ್ ಬಟ್ಟಲಿಗೆ ಬಿಟ್ಟು ಮತ್ತೆ ಎಳೆದರು. ಸುಮಾರು 350 ಎಂ.ಎಲ್. ಎಲ್ಲ ಒಟ್ಟಿಗೆ ತೆಗೆದರೆ ಆಘಾತ ಆಗುತ್ತದೆ ಅಂತ ಸ್ವಲ್ಪ ಬಿಟ್ಟರು. ಮನೆಯಿಂದ ಹೊರಡುವಾಗ 2 ಕೆಜಿ 900 ಇದ್ದಳು, ವಾಪಸ್ ಬಂದಾಗ 2 ಕೆಜಿ 550. ನೋವಿಗೆ ಒಂದು ಇಂಜೆಕ್ಷನ್ ಕೊಟ್ಟರು, ಐದು ದಿನಕ್ಕೆ ಆ್ಯಂಟಿಬಯೋಟಿಕ್ ಹನಿ ಬರೆದುಕೊಟ್ಟರು. ನೀರು ಮತ್ತೆ ತುಂಬುತ್ತದೆ, ಇದು ವಾಸಿ ಮಾಡುವುದಲ್ಲ, ಉಸಿರಾಡಲು ಜಾಗ ಮಾಡಿಕೊಡುವುದು ಅಷ್ಟೇ ಅಂತ ಬಿಡಿಸಿ ಹೇಳಿದರು. ಆ ಮಾತು ಕೇಳಲು ಕಷ್ಟ ಆಯಿತು, ಆದರೆ ಹೇಳಿದ್ದು ಒಳ್ಳೆಯದೇ ಆಯಿತು.

ಮನೆಗೆ ಬಂದು ಬುಟ್ಟಿಯಿಂದ ಇಳಿಸಿದ ತಕ್ಷಣ ಮೈ ಕೊಡವಿದಳು. ಕೋಳಿ ಇಡೀ ಮೈ ಉಬ್ಬಿಸಿ ಕೊಡವುತ್ತದಲ್ಲ, ಹಾಗೆ. ಎಷ್ಟು ದಿನ ಆಗಿತ್ತು ಅದನ್ನು ನೋಡಿ. ಅತ್ತೆ ಅತ್ತುಬಿಟ್ಟರು.

ಹಿತ್ತಲಕೋಳಿ, ಉಡುಪಿ ಕಡೆ
ಮಂಗಳವಾರ, ಸಂಜೆ 5:00

ಓದಿ ಕಣ್ಣು ತುಂಬಿತು. ಈಗ ತಿನ್ನಿಸುವುದು ಮುಖ್ಯ. ಬೇಯಿಸಿದ ಮೊಟ್ಟೆಯನ್ನು ಬೆರಳಲ್ಲಿ ಪುಡಿ ಮಾಡಿ ಕೊಡಿ, ನಮ್ಮವು ಏನು ಬಿಟ್ಟರೂ ಅದನ್ನು ಬಿಡುವುದಿಲ್ಲ. ಕೋಳಿಗೆ ಕೋಳಿಮೊಟ್ಟೆ ಕೊಡುವುದಾ ಅಂತ ಕೇಳಬೇಡಿ, ಏನೂ ಆಗುವುದಿಲ್ಲ. ರಾಗಿ ಗಂಜಿ ತೆಳ್ಳಗೆ, ಪಪ್ಪಾಯಿ ಹಣ್ಣು, ಬಿಸಿನೀರಲ್ಲಿ ನೆನೆಸಿದ ಫೀಡು. ಗೆದ್ದಲು ಸಿಕ್ಕರೆ ಒಂದು ಹಿಡಿ ಹಾಕಿ ನೋಡಿ.

ರಾತ್ರಿ ಮಲಗುವ ಮುಂಚೆ ಕುತ್ತಿಗೆ ಬುಡದ ಕಾಳಿನ ಚೀಲ ಮುಟ್ಟಿ ನೋಡಿ. ಬೆಳಿಗ್ಗೆ ಅದು ಖಾಲಿ ಆಗಿರಬೇಕು. ಬೆಳಿಗ್ಗೆಯೂ ತುಂಬಿಕೊಂಡೇ ಇದ್ದು, ಬಾಯಿಂದ ಹುಳಿ ವಾಸನೆ ಬಂದರೆ ಒಳಗೆ ಜೀರ್ಣ ಆಗುತ್ತಿಲ್ಲ. ಆಗ ಮತ್ತೆ ಮತ್ತೆ ತುರುಕಬೇಡಿ, ಡಾಕ್ಟರನ್ನು ಕೇಳಿ.

ಒಂಟಿಯಾಗಿ ಇಡಬೇಡಿ. ಮಧ್ಯಾಹ್ನ ಮಳೆ ಬಿಟ್ಟಾಗ ಬುಟ್ಟಿಯ ಅಡಿಯಲ್ಲಿ ಕೂರಿಸಿ ಅಂಗಳಕ್ಕೆ ತನ್ನಿ. ಉಳಿದ ಕೋಳಿ ಕಣ್ಣಿಗೆ ಬೀಳಬೇಕು, ಕುಕ್ಕಲು ಸಿಗಬಾರದು.

ಮೆಲ್ಬರ್ನ್ ಕನ್ನಡಿಗ
ಬುಧವಾರ, ಬೆಳಿಗ್ಗೆ 5:30

ನಾನು ಮಂಡ್ಯದ ಕಡೆಯವನು, ಈಗ ಮೆಲ್ಬರ್ನ್‌ನಲ್ಲಿ ಮನೆ ಹಿಂದೆ ನಾಲ್ಕು ಕೋಳಿ ಸಾಕಿದ್ದೇನೆ. ಇಲ್ಲಿ ಹಕ್ಕಿಗಳಿಗೇ ಬೇರೆ ಡಾಕ್ಟರು ಇದ್ದಾರೆ. ನಮ್ಮ ಒಂದಕ್ಕೆ ಇದೇ ಆಗಿತ್ತು. ಚರ್ಮದ ಕೆಳಗೆ ಅಕ್ಕಿಕಾಳಿನಷ್ಟು ಸಣ್ಣ ಇಂಪ್ಲಾಂಟ್ ಹಾಕಿದರು, ಅದು ಕೆಲವು ತಿಂಗಳು ಮೊಟ್ಟೆ ಆಗುವುದನ್ನೇ ನಿಲ್ಲಿಸುತ್ತದೆ. ಮೊಟ್ಟೆ ಆಗದಿದ್ದರೆ ಹಳದಿ ಒಳಗೆ ಬೀಳುವುದೂ ಇಲ್ಲ. ಆದರೆ ಗಡ್ಡೆ ಇದ್ದರೆ ಅದರಿಂದ ವಾಸಿ ಆಗುವುದಿಲ್ಲ. ದುಬಾರಿ ಕೂಡ.

ಆಗ ನಮ್ಮ ಡಾಕ್ಟರು ಹೇಳಿದ್ದು ನನಗೆ ಮನಸ್ಸಿಗೆ ನಾಟಿತು. ಕಾಡುಕೋಳಿ ವರ್ಷಕ್ಕೆ ಹತ್ತು ಹದಿನೈದು ಮೊಟ್ಟೆ ಇಡುತ್ತದೆ, ಮರಿ ಮಾಡಿ ಸುಮ್ಮನಾಗುತ್ತದೆ. ಫಾರಂ ಕೋಳಿಯಿಂದ ನಾವು ಮುನ್ನೂರು ಇಡಿಸುತ್ತೇವೆ. ಮೇಲಾಗಿ ಕೋಳಿಗೆ ಎಡಗಡೆಯ ಒಂದೇ ಅಂಡಾಶಯ ಕೆಲಸ ಮಾಡುವುದು. ಅಷ್ಟು ಸಣ್ಣ ಜಾಗಕ್ಕೆ ಅಷ್ಟು ದುಡಿಮೆ.

ತೋಟದಮನೆ
ಬುಧವಾರ, ರಾತ್ರಿ 9:40

ಇದು ಗೊತ್ತಿರಲಿಲ್ಲ ಅಣ್ಣ. ಗಿರಿರಾಜ ಅಂದರೆ ನಾಟಿಗಿಂತ ಜಾಸ್ತಿ ಮೊಟ್ಟೆ, ಜಾಸ್ತಿ ತೂಕ ಅಂತಲೇ ನಾವು ತಂದಿದ್ದು. ನಮ್ಮ ನಾಟಿ ಹೇಂಟೆಗಳು ಸ್ವಲ್ಪ ದಿನ ಇಟ್ಟು ಕಾವಿಗೆ ಕೂತುಬಿಡುತ್ತವೆ. ಇವಳು ಮೊದಲ ಎರಡು ವರ್ಷ ಹೆಚ್ಚುಕಡಿಮೆ ಬಿಡುವೇ ಕೊಡದೆ ಇಟ್ಟಳು. ಆಗ ನಮಗೆ ಖುಷಿಯೇ ಆಗಿತ್ತು.

ಇವತ್ತು ಅರ್ಧ ಮೊಟ್ಟೆ, ನಾಲ್ಕು ತುತ್ತು ಪಪ್ಪಾಯಿ ತಿಂದಳು.

ತೋಟದಮನೆ
ಮುಂದಿನ ಸೋಮವಾರ, ಬೆಳಿಗ್ಗೆ 10:15

ಈ ವಾರ ಚೆನ್ನಾಗಿ ಹೋಯಿತು. ಶುಕ್ರವಾರ ಬಿಸಿಲು ಬಂದಿತ್ತು. ಹಲಸಿನ ಮರದ ಬುಡದಲ್ಲಿ ಬಿಟ್ಟೆವು. ಮಣ್ಣು ಕೆದರಿ, ಒಂದು ಪಕ್ಕಕ್ಕೆ ವಾಲಿ, ರೆಕ್ಕೆ ಹರಡಿ ಬಿಸಿಲು ಕಾಯಿಸಿದಳು. ಅತ್ತೆ ಕಟ್ಟೆಯ ಮೇಲೆ ಕೂತು ಅಡಿಕೆ ಸುಲಿಯುತ್ತಾ "ಬಾ ಬಾ ಬಾ" ಅಂದರೆ ಈಗಲೂ ಬರುತ್ತಾಳೆ, ನಿಧಾನಕ್ಕೆ. ನಿನ್ನೆಯಿಂದ ಮತ್ತೆ ಹೊಟ್ಟೆ ಬಿಗಿಯಾಗುತ್ತಿದೆ. ತೂಕ 2 ಕೆಜಿ 700, ಆದರೆ ಎದೆಮೂಳೆ ಇನ್ನೂ ಚೂಪಾಗಿದೆ. ಅಂದರೆ ಹೆಚ್ಚಿದ್ದು ಬರೀ ನೀರು ಅಲ್ವಾ ಮೇಡಂ? ಇನ್ನೊಂದು ಸಲ ತೆಗೆಸಲಾ? ಯಾವಾಗ ಸಾಕು ಅಂತ ಹೇಗೆ ಗೊತ್ತಾಗುತ್ತದೆ?

ಪಶುವೈದ್ಯೆ, ಹಾವೇರಿ
ಸೋಮವಾರ, ಮಧ್ಯಾಹ್ನ 12:50

ಹೌದು, ನೀರೇ. ಒಂದು ವಾರದೊಳಗೆ ತುಂಬಿತು ಅಂದರೆ ಒಳಗಿನ ಕಾಯಿಲೆ ಜೋರಾಗಿದೆ. ಇನ್ನೊಂದು ಸಲ ತೆಗೆಸಬಹುದು, ತಪ್ಪಿಲ್ಲ. ಆದರೆ ಪ್ರತಿ ಸಲ ಸಿಗುವ ಒಳ್ಳೆಯ ದಿನ ಕಡಿಮೆ ಆಗುತ್ತಾ ಹೋಗುತ್ತದೆ.

ಯಾವಾಗ ಸಾಕು ಅಂದರೆ, ನಾನು ನೋಡುವುದು ಹೀಗೆ. ಅದಕ್ಕೆ ಇಷ್ಟವಾದ ಮೂರು ಕೆಲಸ ಯಾವುದು ಅಂತ ನಿಮಗೇ ಗೊತ್ತಿದೆ. ನೀವೇ ಬರೆದಿದ್ದೀರಿ: ಕೆದರುವುದು, ಬಿಸಿಲು ಕಾಯಿಸುವುದು, ಅತ್ತೆ ಕರೆದರೆ ಬರುವುದು. ದಿನಾ ರಾತ್ರಿ ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಮೂರರಲ್ಲಿ ಎರಡು ನಿಂತುಹೋದರೆ ಡಾಕ್ಟರಿಗೆ ಫೋನ್ ಮಾಡುವ ಹೊತ್ತು. ಬಾಯಿ ತೆರೆದು ಉಸಿರೆಳೆದರೆ, ಎದ್ದು ನಿಲ್ಲಲು ಆಗದಿದ್ದರೆ, ನೀರನ್ನೂ ಬಿಟ್ಟರೆ ಅವತ್ತೇ ಮಾಡಿ. ಮೊದಲು ಮಂಪರು ಬರುವ ಇಂಜೆಕ್ಷನ್ ಕೊಟ್ಟು, ನಿದ್ದೆ ಹೋದಮೇಲೆ ಎರಡನೆಯದು ಕೊಡಿ ಅಂತ ಕೇಳಿ. ಕೇಳುವುದಕ್ಕೆ ಸಂಕೋಚ ಬೇಡ.

ಬಯಲುಸೀಮೆ, ಚಿತ್ರದುರ್ಗ
ಸೋಮವಾರ, ರಾತ್ರಿ 8:00

ತಂಗೀ, ದಿನಾ ಬಂದು ನೋಡುತ್ತಿದ್ದೇನೆ. ಕೆಂಚಿ ಬಿಸಿಲು ಕಾಯಿಸಿದ್ದು ಓದಿ ಮನೆಯಲ್ಲೂ ಹೇಳಿದೆ.

ತೋಟದಮನೆ
ಶನಿವಾರ, ಬೆಳಿಗ್ಗೆ 11:30

ಕೆಂಚಿ ನಿನ್ನೆ ಹೋದಳು.

ಮಂಗಳವಾರ ಎರಡನೇ ಸಲ ನೀರು ತೆಗೆಸಿದೆವು. ಬುಧವಾರ ಒಂದು ದಿನ ಹಗುರಾಗಿದ್ದಳು, ಗುರುವಾರ ಮತ್ತೆ ಕೂತಳು. ಕರೆದರೆ ತಲೆ ಎತ್ತುತ್ತಿದ್ದಳು, ಏಳುತ್ತಿರಲಿಲ್ಲ. ಕ್ಯಾಲೆಂಡರಿನಲ್ಲಿ ಗುರುವಾರದ ಮನೆ ಖಾಲಿ ಉಳಿಯಿತು. ಅತ್ತೆಯೇ ಶುಕ್ರವಾರ ಬೆಳಿಗ್ಗೆ "ಡಾಕ್ಟರಿಗೆ ಹೇಳು" ಅಂದರು. ಅವರು ಸಂಜೆ ಡ್ಯೂಟಿ ಮುಗಿಸಿ ಮನೆಗೇ ಬಂದರು. ಮೊದಲನೇ ಇಂಜೆಕ್ಷನ್ ಆದಮೇಲೆ ಕೆಂಚಿ ಅತ್ತೆಯ ಮಡಿಲಲ್ಲಿ ಕುತ್ತಿಗೆ ಇಳಿಬಿಟ್ಟು ಮಲಗಿದಳು. ಎರಡನೆಯದು ಗೊತ್ತೇ ಆಗಲಿಲ್ಲ.

ಏನಾಗಿತ್ತು ಅಂತ ತಿಳಿದುಕೊಳ್ಳಬೇಕಾ ಅಂತ ಡಾಕ್ಟರು ಕೇಳಿದರು. ಹೂಂ ಅಂದೆವು. ಗ್ಲೌಸು, ಮಾಸ್ಕು ಹಾಕಿಕೊಂಡು ಹಿತ್ತಲಲ್ಲೇ ಕುಯ್ದು ನೋಡಿದರು. ಅತ್ತೆ ಒಳಗೆ ಹೋದರು, ನಾನು ನಿಂತೆ. ಅಂಡಾಶಯ ಹೂಕೋಸಿನ ಹಾಗೆ ಗಂಟುಗಂಟಾಗಿತ್ತು. ಕರುಳಿನ ಮೇಲೆಲ್ಲ ಸಬ್ಬಕ್ಕಿ ಅಂಟಿಸಿದ ಹಾಗೆ ಬಿಳಿ ಕಾಳುಗಳು. ನೋಡಿದರೆ ಕ್ಯಾನ್ಸರೇ, ಬಹಳ ತಿಂಗಳಿಂದ ಇದೆ ಅಂದರು. ಒಂದು ತಿಂಗಳು ಮೊದಲೇ ತಂದಿದ್ದರೆ ಅಂತ ಕೇಳಿದೆ. ಆಗಲೂ ಇಷ್ಟೇ ಮಾಡುತ್ತಿದ್ದೆ ಅಂದರು. ಅದನ್ನು ಒಳಗೆ ಹೋಗಿ ಅತ್ತೆಗೆ ಹೇಳಿದೆ. ಎರಡು ಸಲ ಹೇಳಿಸಿಕೊಂಡರು.

ಮೂರಡಿ ಆಳ ತೋಡಿ, ಸುಣ್ಣ ಹಾಕಿ, ನಾಯಿ ಕೆದರದ ಹಾಗೆ ಮೇಲೆ ಕಲ್ಲು ಹೇರಿ ಹಲಸಿನ ಮರದ ಆಚೆ ಮಣ್ಣು ಮಾಡಿದೆವು. ಬಾವಿಯಿಂದ ದೂರದ ಜಾಗ ಅದು.

ನಿಮಗೆಲ್ಲ ಹೇಗೆ ಹೇಳಲಿ. ಯಾರೂ "ಒಂದು ಕೋಳಿಗೆ ಇಷ್ಟೆಲ್ಲ ಯಾಕೆ" ಅಂತ ಕೇಳಲಿಲ್ಲ.

ಹಿತ್ತಲಕೋಳಿ, ಉಡುಪಿ ಕಡೆ
ಶನಿವಾರ, ಮಧ್ಯಾಹ್ನ 12:10

ಅತ್ತೆಯವರನ್ನು ನೋಡಿಕೊಳ್ಳಿ ತಂಗೀ. ಸಂಜೆ ಗೂಡು ಮುಚ್ಚುವ ಹೊತ್ತಿಗೆ ಜಾಸ್ತಿ ನೆನಪಾಗುತ್ತದೆ. ಸ್ವಲ್ಪ ದಿನ ಆ ಕೆಲಸ ನೀವು ಮಾಡಿ.

ಕಾನುಮನೆ, ಹೊಸನಗರ
ಭಾನುವಾರ, ಬೆಳಿಗ್ಗೆ 7:50

ಇವತ್ತೇ ಇದನ್ನೆಲ್ಲ ಓದಿದೆ. ಕೆಂಚಿಗಾಗಿ ಬೇಜಾರಾಯಿತು. ಈ ಹೊತ್ತಲ್ಲಿ ಕೇಳುವುದು ಸರಿಯೋ ಇಲ್ಲವೋ ಗೊತ್ತಿಲ್ಲ. ನಮ್ಮ ಕರಿ ಹೇಂಟೆ ನಾಲ್ಕು ವರ್ಷದ್ದು, ನಿನ್ನೆಯಿಂದ ಗೂಡಿನಿಂದ ಇಳಿದಿಲ್ಲ. ಬಾಲ ಕೆಳಗೆ ಬಿಟ್ಟುಕೊಂಡು ತಿಣುಕುತ್ತದೆ. ಹೊಟ್ಟೆ ಊದಿಲ್ಲ. ನಮ್ಮಲ್ಲಿ ಬುರುಡೆ ಬಲ್ಬು ಎಲ್ಲೂ ಸಿಗುತ್ತಿಲ್ಲ.

ತೋಟದಮನೆ
ಭಾನುವಾರ, ಬೆಳಿಗ್ಗೆ 8:10

ಕೇಳಿ ಪರವಾಗಿಲ್ಲ. ತಿಣುಕುತ್ತದೆ ಅಂದರೆ ಮೊಟ್ಟೆ ಸಿಕ್ಕಿಕೊಂಡಿರಬಹುದು, ಅದಕ್ಕೆ ತಡ ಮಾಡಬಾರದು ಅಂತ ನಮ್ಮ ಡಾಕ್ಟರು ಹೇಳಿದ್ದರು. ಈಗಲೇ ಟಬ್ಬಿಗೆ ಉಗುರು ಬೆಚ್ಚಗಿನ ನೀರು ಹಾಕಿ ಹೊಟ್ಟೆ ಮುಳುಗುವಷ್ಟು ನೀರಲ್ಲಿ ಕಾಲು ಗಂಟೆ ಕೂರಿಸಿ. ಆಮೇಲೆ ಚೆನ್ನಾಗಿ ಒರೆಸಿ ಕತ್ತಲೆ ಜಾಗದಲ್ಲಿ ಬೆಚ್ಚಗೆ ಬಿಡಿ. ಒಳಗೆ ಒಡೆದರೆ ಅಪಾಯ, ಹಾಗಾಗಿ ಹೊಟ್ಟೆ ಅಮುಕಬೇಡಿ. ಮಧ್ಯಾಹ್ನದೊಳಗೆ ಮೊಟ್ಟೆ ಬರದಿದ್ದರೆ ಡಾಕ್ಟರ ಹತ್ತಿರ ಹೋಗಿಬಿಡಿ.

ಬಲ್ಬು, ಹೋಲ್ಡರು, ವಯರು ನಮ್ಮಲ್ಲಿವೆ. ಅತ್ತೆ ಆಗಲೇ ಒರೆಸಿ ಕವರಿಗೆ ಹಾಕಿದ್ದಾರೆ. ಹೊಸನಗರದ ಬಸ್ಸು ಒಂಬತ್ತೂವರೆಗೆ ನಮ್ಮ ಸ್ಟಾಪಿಗೆ ಬರುತ್ತದೆ, ಕಂಡಕ್ಟರ ಕೈಯಲ್ಲಿ ಕೊಡುತ್ತೇನೆ. ಎಲ್ಲಿ ಇಳಿಸಬೇಕು ಹೇಳಿ.